ಮಗುಗೆ ವಿಟಮಿನ್ ಡಿ: ಹನಿ ಹಾಕೋದು ಹೇಗೆ, ಬಿಸಿಲಿಗೆ ಬಿಡೋದು ಯಾವಾಗ, ಡಾಕ್ಟ್ರ ಹತ್ರ ಹೋಗೋದು ಯಾವಾಗ

ಮುಖ್ಯವಾದ್ದನ್ನ ಮೊದ್ಲೇ ಹೇಳ್ಬಿಡ್ತೀನಿ, ಮಗು ಎದ್ದುಬಿಡತ್ತೆ ಅಂತ ಅವಸರದಲ್ಲಿ ಓದ್ತಿರೋ ಬಾಣಂತಿಯರು ಇಷ್ಟಾದ್ರೂ ಓದ್ಕೊಳ್ಲಿ. ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷ ತುಂಬೋವರೆಗೂ ಮಗುಗೆ ದಿನಾ 400 ಯೂನಿಟ್ (ಡಬ್ಬಿ ಮೇಲೆ IU ಅಂತ ಇರತ್ತೆ) ವಿಟಮಿನ್ ಡಿ ಹನಿ ಹಾಕ್ಬೇಕು. ಎದೆಹಾಲು ಚೆನ್ನಾಗಿ ಬರ್ತಿದ್ರೂ ಹಾಕ್ಬೇಕು, ಮಗು ದುಂಡಗೆ ಮುದ್ದಾಗಿ ತೂಕ ಬಂದಿದ್ರೂ ಹಾಕ್ಬೇಕು, ಮನೇಲಿ ಹಿಂದಿನವ್ರು ಯಾರೂ ಹಾಕಿಲ್ಲ ಅಂದ್ರೂ ಹಾಕ್ಬೇಕು. ಇದು ನಾನು ಹೇಳ್ತಿರೋ ಲೆಕ್ಕ ಅಲ್ಲ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅಂತ ನಮ್ಮ ದೇಶದ ಮಕ್ಕಳ ಡಾಕ್ಟ್ರುಗಳ ಸಂಘ ಇದೆಯಲ್ಲ, ಅವ್ರು ಹೇಳಿರೋದು. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಕಳ್ಸೋವಾಗ ಚೀಟೀಲಿ ಬರ್ದುಕೊಟ್ಟಿರ್ತಾರೆ, ಮೊದಲ ಬಾಟಲ್ ಮುಗಿಯೋವರೆಗೂ ಹಾಕ್ತಾರೆ, ಆಮೇಲೆ ಎರಡನೇ ಬಾಟಲ್ ತರೋದೇ ಇಲ್ಲ. ಮಕ್ಕಳ ವಾರ್ಡಲ್ಲಿ ನರ್ಸ್ ಆಗಿ ಕೆಲಸ ಮಾಡ್ತಾ ನಾನು ಅತಿ ಹೆಚ್ಚು ನೋಡಿರೋದು ಇದನ್ನೇ, ಅದಕ್ಕೇ ಇಷ್ಟುದ್ದ ಬರೀತಿರೋದು.

ಎದೆಹಾಲಲ್ಲಿ ಎಲ್ಲಾ ಇದೆ ಅಂತ ನೀವೇ ಹೇಳ್ತೀರಲ್ಲ ಮತ್ಯಾಕೆ ಹನಿ ಅಂತ ತುಂಬಾ ಜನ ಕೇಳ್ತಾರೆ. ಎದೆಹಾಲಿಗಿಂತ ಒಳ್ಳೇದು ಮಗುಗೆ ಬೇರೆ ಇಲ್ಲ, ಅದ್ರಲ್ಲಿ ಅನುಮಾನ ಬೇಡ. ಆದ್ರೆ ವಿಟಮಿನ್ ಡಿ ಒಂದು ಮಾತ್ರ ಅದ್ರಲ್ಲಿ ತೀರಾ ಕಮ್ಮಿ, ಸಾಮಾನ್ಯವಾಗಿ ಒಂದು ಲೀಟರ್ ಹಾಲಲ್ಲಿ 100 ಯೂನಿಟ್ ಕೂಡ ಇರಲ್ಲ, ಮಗು ದಿನಕ್ಕೆ ಒಂದು ಲೀಟರ್ ಕುಡಿಯೋದೂ ಇಲ್ಲ. ಹೊಟ್ಟೇಲಿದ್ದಾಗ ಅಮ್ಮನ ಮೈಯಿಂದ ಒಂದಿಷ್ಟು ಡಿ ಮಗುಗೆ ಬಂದಿರತ್ತೆ, ಆದ್ರೆ ಅಮ್ಮನಿಗೇ ಕಮ್ಮಿ ಇದ್ರೆ ಮಗುಗೆ ಬರೋದಾದ್ರೂ ಎಲ್ಲಿಂದ. ನಮ್ಮ ಕಡೆ ಬಾಣಂತಿ ಕೋಣೆ ಹೇಗಿರತ್ತೆ ಅಂತ ನಿಮ್ಗೆ ಗೊತ್ತು, ಕಿಟಕಿ ಮುಚ್ಚಿ, ತಲೆಗೆ ಕಿವಿಗೆ ಬಟ್ಟೆ ಕಟ್ಟಿ, ಮೂರು ತಿಂಗಳು ಐದು ತಿಂಗಳು ತಾಯಿ ಮಗು ಇಬ್ರಿಗೂ ಬಿಸಿಲೇ ಕಾಣ್ಸಲ್ಲ. ಬೆಚ್ಚಗಿರ್ಲಿ, ರೆಸ್ಟ್ ಸಿಗ್ಲಿ ಅನ್ನೋ ಕಾಳಜಿ ಸರಿನೇ, ನಾನು ಅದನ್ನ ಬಿಟ್ಬಿಡಿ ಅಂತ ಹೇಳ್ತಿಲ್ಲ, ಆ ಕೋಣೆಯೊಳಗೇ ಒಂದು ಹನಿ ಬಾಟಲ್ ಇರ್ಲಿ ಅಂತಿದೀನಿ ಅಷ್ಟೇ. ತಾಯಿಗೂ ಸುಸ್ತು, ಸೊಂಟ ನೋವು, ಮೈಕೈ ಮೂಳೆ ನೋವು ಇದ್ರೆ ಡಾಕ್ಟ್ರಿಗೆ ಹೇಳಿ ಅವಳಿಗೆ ಬೇಕಾದ ಡೋಸ್ ಬೇರೆ ಬರ್ಸ್ಕೊಳ್ಳಿ.

ಹನಿ ಹಾಕೋ ರೀತಿ

ಮೆಡಿಕಲ್ ಶಾಪಲ್ಲಿ ವಿಟಮಿನ್ ಡಿ3 ಡ್ರಾಪ್ಸ್ ಕೊಡಿ ಅಂದ್ರೆ ಹೆಚ್ಚಾಗಿ ಎರಡು ಥರದ್ದು ಸಿಗತ್ತೆ, 1 ಎಂಎಲ್‌ಗೆ 400 ಯೂನಿಟ್ ಇರೋದು ಮತ್ತೆ 1 ಎಂಎಲ್‌ಗೆ 800 ಯೂನಿಟ್ ಇರೋದು. ಮೊದಲ್ನೇದಾದ್ರೆ ದಿನಕ್ಕೆ 1 ಎಂಎಲ್, ಎರಡನೇದಾದ್ರೆ ಅರ್ಧ ಎಂಎಲ್. ಗೊಂದಲ ಆಗೋದು ಇಲ್ಲೇ. ಹೋದ ತಿಂಗಳು ಒಂದು ಕಂಪನಿದು ತಂದಿರ್ತೀರ, ಈ ತಿಂಗಳು ಅಂಗಡಿಯವ್ರು ಅದು ಸ್ಟಾಕ್ ಇಲ್ಲ ಇದು ಸೇಮ್ ಅಂತ ಬೇರೇದು ಕೊಡ್ತಾರೆ, ನೀವು ಹಳೇ ಅಳತೇಲೇ ಹಾಕ್ತಾ ಹೋಗ್ತೀರ, ಆಗ ಒಂದೋ ಅರ್ಧ ಡೋಸ್ ಹೋಗತ್ತೆ ಇಲ್ಲಾ ಎರಡರಷ್ಟು ಹೋಗತ್ತೆ. ಹಾಗಾಗಿ ಪ್ರತೀ ಸಲ ಹೊಸ ಬಾಟಲ್ ತಂದಾಗ ರಟ್ಟಿನ ಡಬ್ಬಿ ಮೇಲೆ "ಪ್ರತಿ ಎಂಎಲ್‌ಗೆ" ಅಂತ ಬರ್ದಿರೋ ಜಾಗ ಹುಡುಕಿ ಓದಿ, ಓದೋಕೆ ಬರ್ದಿದ್ರೆ ಅಂಗಡಿಯವ್ರ ಹತ್ರನೇ ಓದ್ಸಿ, ಎಷ್ಟು ಎಂಎಲ್ ಅನ್ನೋದನ್ನ ಬಾಟಲ್ ಮೇಲೆ ಪೆನ್ನಲ್ಲಿ ದೊಡ್ಡದಾಗಿ ಬರೆಸಿ. ಮನೇಲಿ ಅಜ್ಜಿ ಹಾಕ್ಲಿ, ಅತ್ತೆ ಹಾಕ್ಲಿ, ಯಾರು ಹಾಕಿದ್ರೂ ಆಗ ತಪ್ಪಾಗಲ್ಲ.

ಆ ಬಾಟಲ್ ಜೊತೆ ಬಂದಿರೋ ಫಿಲ್ಲರ್ ಅದಕ್ಕೆ ಮಾತ್ರ. ಜ್ವರದ ಔಷಧಿದೋ ಕಬ್ಬಿಣದ ಡ್ರಾಪ್ಸ್‌ದೋ ಫಿಲ್ಲರ್ ತಗೊಂಡು ಇದನ್ನ ಅಳೀಬೇಡಿ, ಒಂದೊಂದರ ಗೆರೆ ಒಂದೊಂದು ಥರ ಇರತ್ತೆ. ಮಗುನ ತೊಡೆ ಮೇಲೆ ತಲೆ ಸ್ವಲ್ಪ ಎತ್ತರಕ್ಕೆ ಬರೋ ಹಾಗೆ ಮಲಗಿಸ್ಕೊಂಡು, ಫಿಲ್ಲರ್ ತುದೀನ ಕೆನ್ನೆ ಒಳಗಡೆ ಇಟ್ಟು, ನಿಧಾನಕ್ಕೆ ಒಂದೊಂದೇ ಹನಿ ಬಿಡಿ, ಗಂಟಲಿಗೆ ನೇರವಾಗಿ ಒತ್ತಿದ್ರೆ ನೆತ್ತಿಗೆ ಹತ್ತತ್ತೆ. ಹಾಲು ಕುಡಿಯೋಕೆ ಮುಂಚೆ ಅಥ್ವಾ ಕುಡೀತಿರೋವಾಗ್ಲೇ ಮಧ್ಯೆ ಹಾಕಿ, ಡಿ ಜಿಡ್ಡಲ್ಲಿ ಕರಗೋ ವಿಟಮಿನ್ ಆಗಿರೋದ್ರಿಂದ ಹಾಲಿನ ಜೊತೆ ಚೆನ್ನಾಗಿ ಹಿಡಿಯತ್ತೆ. ಬಾಟಲ್ ಹಾಲಿಗೋ ಒಳಲೆ ತುಂಬಾ ಇರೋ ಹಾಲಿಗೋ ಬೆರೆಸ್ಬೇಡಿ, ಮಗು ಅರ್ಧ ಬಿಟ್ರೆ ಡೋಸೂ ಅರ್ಧ ಹೋಯ್ತು. ಒಂದು ದಿನ ಮರ್ತೋದ್ರೆ ಮಾರನೇ ದಿನ ಎರಡು ಡೋಸ್ ಹಾಕೋದು ಬೇಡ, ಎಂದಿನ ಹಾಗೆ ಒಂದೇ ಹಾಕಿ. ಹಾಕಿದ ಮೇಲೆ ಕಕ್ಕಿದ್ರೂ ಮತ್ತೆ ಹಾಕೋದು ಬೇಡ. ಮರೆಯೋದು ಜಾಸ್ತಿ ಅನ್ನೋರು ಸ್ನಾನದ ಜೊತೆ ಜೋಡಿಸ್ಕೊಳ್ಳಿ, ಎಣ್ಣೆ ಸ್ನಾನ ಧೂಪ ಎಲ್ಲಾ ಆದ್ಮೇಲೆ ಹಾಲು ಕುಡ್ಸೋಕೆ ಕೂರ್ತೀರಲ್ಲ ಆಗ. 400ರ ಬಾಟಲ್ 30 ಎಂಎಲ್ ಇದ್ರೆ ಸರಿಯಾಗಿ ಒಂದು ತಿಂಗಳಿಗೆ ಮುಗೀಬೇಕು, ಎರಡು ತಿಂಗಳಾದ್ರೂ ಮುಗ್ದಿಲ್ಲ ಅಂದ್ರೆ ಹನಿ ಸರಿಯಾಗಿ ಹೋಗ್ತಿಲ್ಲ ಅಂತಲೇ ಅರ್ಥ.

ಇನ್ನೊಂದು, ಮಲ್ಟಿವಿಟಮಿನ್ ಡ್ರಾಪ್ಸ್ ಹಾಕ್ತಿದ್ರೆ ಅದರಲ್ಲೂ ಡಿ ಇರತ್ತೆ, ಕ್ಯಾಲ್ಸಿಯಂ ಸಿರಪ್‌ಗಳಲ್ಲೂ ಬಹುತೇಕ ಸೇರ್ಸಿರ್ತಾರೆ. ಡಾಕ್ಟ್ರ ಹತ್ರ ಹೋದಾಗ ಮನೇಲಿರೋ ಎಲ್ಲಾ ಬಾಟಲ್‌ಗಳನ್ನ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ ತೋರ್ಸಿ. ಫಾರ್ಮುಲಾ ಹಾಲು ಕುಡಿಯೋ ಮಗುಗೆ ಆ ಪುಡಿಯಲ್ಲೇ ಡಿ ಬರತ್ತೆ, ದಿನಕ್ಕೆ ಎಷ್ಟು ಎಂಎಲ್ ಕುಡಿಯತ್ತೆ ಅನ್ನೋದರ ಮೇಲೆ ಹನಿ ಬೇಕೋ ಬೇಡ್ವೋ ಅವ್ರು ಹೇಳ್ತಾರೆ. ತಿಂಗಳು ತುಂಬೋಕೆ ಮುಂಚೆ ಹುಟ್ಟಿದ ಮಕ್ಕಳ ಡೋಸ್ ಬೇರೆ ಇರಬಹುದು, ಅದನ್ನ ಎನ್‌ಐಸಿಯು (ಹುಟ್ಟಿದ ಕೂಸುಗಳ ಐಸಿಯು) ಡಾಕ್ಟ್ರೇ ತೀರ್ಮಾನ ಮಾಡ್ಲಿ.

60,000 ಯೂನಿಟ್ ಸ್ಯಾಷೆ ಮಗುಗಲ್ಲ

ದಯವಿಟ್ಟು ಇದನ್ನ ಎರಡು ಸಲ ಓದಿ. ದೊಡ್ಡವ್ರಿಗೆ ಮಂಡಿನೋವು ಮೂಳೆನೋವು ಅಂತ ವಾರಕ್ಕೊಂದು ತಗೊಳ್ಳಿ ಅಂತ ಪುಡಿ ಸ್ಯಾಷೆ ಕೊಡ್ತಾರಲ್ಲ, ಅದ್ರಲ್ಲಿ 60,000 ಯೂನಿಟ್ ಇರತ್ತೆ. ಈಗ ಅಷ್ಟೇ ಡೋಸ್ ಚಿಕ್ಕ ಚಿಕ್ಕ ಕುಡಿಯೋ ಬಾಟಲಲ್ಲೂ ಬರ್ತಿದೆ, 5 ಎಂಎಲ್‌ದು, ನೋಡೋಕೆ ಮಕ್ಕಳ ಔಷಧಿ ಥರಾನೇ ಕಾಣತ್ತೆ. ಒಂದು ಸ್ಯಾಷೆ ಅಂದ್ರೆ ಕೂಸಿಗೆ ದಿನಕ್ಕೆ 400ರ ಹಾಗೆ 150 ದಿನ ಹಾಕೋಷ್ಟು ಡಿ. ಅದನ್ನ ಮಗು ಸಣ್ಣಗಿದೆ, ಇನ್ನೂ ನಡೀತಿಲ್ಲ, ಹಲ್ಲು ಬಂದಿಲ್ಲ ಅಂತ ಯಾರದ್ದೋ ಮಾತು ಕೇಳಿ ಕೊಡೋದು, ವಾರಕ್ಕೊಂದು ಅಂತ ಬರ್ದಿರೋದನ್ನ ದಿನಕ್ಕೊಂದು ಅಂತ ತಿಳ್ಕೊಂಡು ಕೊಡೋದು ಎರಡೂ ನಡೆಯತ್ತೆ. ವಿಟಮಿನ್ ಸಿ ಥರ ಜಾಸ್ತಿಯಾಗಿದ್ದು ಉಚ್ಚೆಯಲ್ಲಿ ಹೋಗ್ಬಿಡಲ್ಲ ಇದು, ಕೊಬ್ಬಿನಲ್ಲಿ ಕೂತ್ಕೊಳತ್ತೆ, ರಕ್ತದಲ್ಲಿ ಕ್ಯಾಲ್ಸಿಯಂ ಏರ್ಸತ್ತೆ, ಮಗು ಹಾಲು ಬಿಡತ್ತೆ, ವಾಂತಿ ಮಾಡತ್ತೆ, ಮಲಬದ್ಧತೆ ಆಗತ್ತೆ, ಪದೇಪದೇ ಉಚ್ಚೆ ಹೊಯ್ಯತ್ತೆ, ಬಾಯಿ ಒಣಗತ್ತೆ, ತೂಕ ಇಳಿಯತ್ತೆ, ಕಿಡ್ನಿಗೆ ಪೆಟ್ಟು ಬೀಳತ್ತೆ. 6 ಲಕ್ಷ ಯೂನಿಟ್ ಇಂಜೆಕ್ಷನ್ ಅಂತಾನೂ ಒಂದಿದೆ, ಮಗು ನಡೀಲಿಲ್ಲ ಅಂತ ಒಂದು ಕ್ಲಿನಿಕ್ಕಲ್ಲಿ ಒಂದು, ಇನ್ನೊಂದು ಕ್ಲಿನಿಕ್ಕಲ್ಲಿ ಇನ್ನೊಂದು ಹಾಕ್ಸ್ಕೊಂಡು ಬರೋರಿದಾರೆ. ಹಿಂದೆ ಯಾರಾದ್ರೂ ಹಾಕಿದ್ರೆ ಯಾವ ತಾರೀಕು ಎಷ್ಟು ಅಂತ ತಾಯಿ ಕಾರ್ಡಲ್ಲೇ ಬರ್ದಿಟ್ಕೊಳ್ಳಿ, ಮುಂದಿನ ಡಾಕ್ಟ್ರಿಗೆ ಅದನ್ನ ಮೊದಲು ತೋರ್ಸಿ.

ಎಳೆಬಿಸಿಲು ಸಾಕಾಗಲ್ಲ

ಬೆಳಿಗ್ಗೆ ಏಳು ಗಂಟೆ ಎಳೆಬಿಸಿಲಿಗೆ ಮಗುನ ಹಿಡಿದ್ರೆ ಡಿ ಬರತ್ತೆ ಅನ್ನೋದು ನಮ್ಮಲ್ಲಿ ತುಂಬಾ ಗಟ್ಟಿಯಾಗಿ ಕೂತಿರೋ ನಂಬಿಕೆ, ಕೆಲವು ಆಸ್ಪತ್ರೇಲೂ ಹಾಗೇ ಹೇಳಿ ಕಳಿಸ್ತಾರೆ. ಚರ್ಮದಲ್ಲಿ ವಿಟಮಿನ್ ಡಿ ಮಾಡೋದು ಬಿಸಿಲಿನ ಬಿಸಿ ಅಲ್ಲ ಬೆಳಕೂ ಅಲ್ಲ, ಅದ್ರೊಳಗಿರೋ ಯುವಿಬಿ ಅನ್ನೋ ಕಿರಣ. ಸೂರ್ಯ ಕೆಳಗಿದ್ದಾಗ ಆ ಕಿರಣ ಗಾಳಿಯ ಪದರದಲ್ಲೇ ಬಹುಪಾಲು ಸೋಸಿ ಹೋಗತ್ತೆ, ನೆಲಕ್ಕೆ ಬರೋದೇ ಇಲ್ಲ. ಸೂರ್ಯ ಮೇಲೆ ಬಂದಾಗ, ಹತ್ತು ಗಂಟೆಯಿಂದ ಮೂರು ಗಂಟೆವರೆಗೆ, ಸಿಗತ್ತೆ. ಗಡಿಯಾರ ಬೇಡ, ನೆರಳು ನೋಡಿ ಸಾಕು, ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ರೆ ಡಿ ಆಗೋ ಬಿಸಿಲು, ಉದ್ದ ಇದ್ರೆ ಮೈ ಬೆಚ್ಚಗಾಗೋಕೆ ಮಾತ್ರ. ಗಾಜಿನ ಕಿಟಕಿ ಮುಚ್ಕೊಂಡು ಒಳಗೆ ಬೀಳೋ ಬಿಸಿಲಲ್ಲಿ ಮಲಗ್ಸಿದ್ರೂ ಉಪಯೋಗ ಇಲ್ಲ, ಗಾಜು ಯುವಿಬಿನ ತಡೆಯತ್ತೆ. ನಮ್ಮ ಚರ್ಮದ ಬಣ್ಣ ಗಾಢ ಇದ್ದಷ್ಟೂ ಹೊತ್ತು ಜಾಸ್ತಿ ಬೇಕು. ಎಳೆಬಿಸಿಲಿಗೆ ಹಿಡಿದ್ರೆ ಹುಟ್ಟಿದ ಮಗುವಿನ ಕಾಮಾಲೆ ಹೋಗತ್ತೆ ಅಂತ ಕಾಯೋದೂ ಬೇಡ, ಹಳದಿ ಕಂಡ್ರೆ ಆಸ್ಪತ್ರೆಗೇ ತೋರ್ಸಿ.

ಹಾಗಂತ ಆರು ತಿಂಗಳೊಳಗಿನ ಕೂಸನ್ನ ಮಧ್ಯಾಹ್ನದ ಬಿಸಿಲಲ್ಲಿ ಮಲಗಿಸ್ಬೇಡಿ, ಅವುಗಳ ಚರ್ಮ ತೀರಾ ಮೆತ್ತಗೆ, ಬೇಗ ಸುಡತ್ತೆ, ಮೈ ಬಿಸಿಯಾದ್ರೆ ಹೇಳೋಕೂ ಬರಲ್ಲ. ಅದಕ್ಕೇ ಕೂಸಿಗೆ ಹನಿ, ದೊಡ್ಡ ಮಕ್ಕಳಿಗೆ ಬಿಸಿಲು ಅಂತ ನೆನಪಿಟ್ಕೊಳ್ಳಿ. ನಡೆಯೋ ಓಡೋ ಮಕ್ಕಳನ್ನ ವಾರದಲ್ಲಿ ಆದಷ್ಟು ದಿನ, ಮುಖ ತೋಳು ಕಾಲು ಬಿಟ್ಕೊಂಡಿರೋ ಬಟ್ಟೇಲಿ, ಸುಮಾರು ಅರ್ಧ ಗಂಟೆ ಆಡೋಕೆ ಬಿಡಿ. ಬೆಂಗಳೂರು, ಮೈಸೂರು ಕಡೆ ಹತ್ತೂವರೆ ಹನ್ನೊಂದಕ್ಕೆ ಆರಾಮಾಗಿ ಬಿಡಬಹುದು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ನಡುಮಧ್ಯಾಹ್ನ ಬೇಡವೇ ಬೇಡ, ಹತ್ತು ಗಂಟೆ ಸುಮಾರಿಗೆ ಮುಗಿಸ್ಕೊಳ್ಳಿ, ಚರ್ಮ ಕೆಂಪಾಗೋವರೆಗೂ ಯಾವತ್ತೂ ನಿಲ್ಲಿಸ್ಬೇಡಿ. ಮಲೆನಾಡು ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬಿಸಿಲನ್ನ ನಂಬಿ ಕೂರೋ ಹಾಗಿಲ್ಲ.

2016ರಿಂದ 2018ರವರೆಗೆ ಕೇಂದ್ರ ಸರ್ಕಾರ ಮಾಡಿಸಿದ ಮಕ್ಕಳ ಪೌಷ್ಟಿಕತೆ ಸಮೀಕ್ಷೇಲಿ ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ 14%, ಐದರಿಂದ ಒಂಬತ್ತರಲ್ಲಿ 18%, ಹತ್ತರಿಂದ ಹತ್ತೊಂಬತ್ತರಲ್ಲಿ 24% ಜನಕ್ಕೆ ಡಿ ಕೊರತೆ ಇತ್ತು. ವಯಸ್ಸು ಏರ್ದಾಗ ಕೊರತೆನೂ ಏರ್ತಿದೆ ನೋಡಿ. ಇಷ್ಟು ಬಿಸಿಲಿರೋ ದೇಶದಲ್ಲಿ ಹೀಗಾಗ್ತಿದೆ ಅಂದ್ರೆ ಮಕ್ಕಳು ಬಿಸಿಲಿರೋ ಹೊತ್ತಲ್ಲಿ ಕ್ಲಾಸಲ್ಲಿ, ಬಸ್ಸಲ್ಲಿ, ಟ್ಯೂಷನಲ್ಲಿ, ಮನೆಯೊಳಗೆ ಮೊಬೈಲ್ ಹಿಡ್ಕೊಂಡು ಇರ್ತಾರೆ ಅಂತಲೇ ನನಗೆ ಅನ್ಸೋದು. ಅದ್ರಲ್ಲೂ ದೊಡ್ಡವರಾದ ಹೆಣ್ಣುಮಕ್ಕಳನ್ನ ಕಪ್ಪಾಗ್ತೀಯ ಅಂತ ಬಿಸಿಲಿಗೇ ಬಿಡಲ್ಲ, ಇದು ನನಗೆ ನಿಜಕ್ಕೂ ಸಂಕಟ ಕೊಡೋ ವಿಷಯ, ಮೂಳೆ ಗಟ್ಟಿಯಾಗೋ ವಯಸ್ಸೇ ಅದು. ಸ್ಕೂಲ್ ಮೀಟಿಂಗ್‌ಗೆ ಹೋದಾಗ ಆಟದ ಪೀರಿಯಡ್ಡನ್ನ ಗಣಿತಕ್ಕೆ ತಗೋಬೇಡಿ ಅಂತ ಒಂದು ಮಾತು ಹೇಳಿ ಬನ್ನಿ.

ರಾಗಿ, ಹಾಲು, ಮೊಟ್ಟೆ

ನಮ್ಮ ಮಗು ರಾಗಿ ಸರಿ ಚೆನ್ನಾಗಿ ತಿನ್ನತ್ತೆ ಅನ್ನೋರು ಕೇಳಿ. ರಾಗಿಯಲ್ಲಿ ಕ್ಯಾಲ್ಸಿಯಂ ಇರೋದು ನಿಜ, 100 ಗ್ರಾಂಗೆ 300 ಮಿಲಿಗ್ರಾಂಗೂ ಜಾಸ್ತಿ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಆದ್ರೆ ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಕ್ಯಾಲ್ಸಿಯಂ ಮನೆ ಕಟ್ಟೋ ಇಟ್ಟಿಗೆ ಆದ್ರೆ ಡಿ ಅದನ್ನ ಒಳಗೆ ಹೊತ್ತು ತರೋ ಆಳು, ಆಳಿಲ್ದೆ ಎಷ್ಟು ಲೋಡ್ ಇಟ್ಟಿಗೆ ತರ್ಸಿದ್ರೂ ಬೀದಿಯಲ್ಲೇ ಬಿದ್ದಿರತ್ತೆ. ಹಾಗಂತ ಡಿ ಒಂದೇ ಕೊಟ್ಟು ಕ್ಯಾಲ್ಸಿಯಂ ಇಲ್ದಿದ್ರೂ ಮೂಳೆ ಮೆತ್ತಗಾಗತ್ತೆ, ಎರಡೂ ಬೇಕು. ರಾಗಿನ ಮೊಳಕೆ ಕಟ್ಟಿ ಒಣಗ್ಸಿ ಹುರಿದು ಸರಿ ಮಾಡೋ ಹಳೇ ಪದ್ಧತಿ ತುಂಬಾ ಒಳ್ಳೇದು, ಕ್ಯಾಲ್ಸಿಯಂನ ಹಿಡ್ಕೊಂಡು ಕೂರೋ ಫೈಟೇಟ್ ಅನ್ನೋ ಅಂಶ ಮೊಳಕೆಯಲ್ಲಿ ಕಮ್ಮಿ ಆಗತ್ತೆ. ಎಳ್ಳು, ನುಗ್ಗೆ ಸೊಪ್ಪು, ಮೊಸರು ಇವೂ ಸೇರ್ಲಿ.

ಒಂದು ವರ್ಷ ದಾಟಿದ ಮಗುಗೆ ದಿನಕ್ಕೆ 600 ಯೂನಿಟ್ ಬೇಕು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್ ಇರತ್ತೆ. ಪ್ಯಾಕೆಟ್ ಮೇಲೆ ನೀಲಿ ಬಣ್ಣದ "ಪ್ಲಸ್ ಎಫ್" ಗುರುತಿರೋ ಹಾಲಿಗೆ ಎ ಮತ್ತು ಡಿ ಸೇರ್ಸಿರ್ತಾರೆ, ಒಂದು ದೊಡ್ಡ ಲೋಟಕ್ಕೆ ಹೆಚ್ಚಂದ್ರೆ 75 ಯೂನಿಟ್. ಆ ಗುರುತಿರೋ ಅಡುಗೆ ಎಣ್ಣೆಯಿಂದ ಇನ್ನೊಂದಿಷ್ಟು. ಮಂಗಳೂರು ಉಡುಪಿ ಕಾರವಾರದ ಕಡೆಯವ್ರಿಗೆ ಬಂಗುಡೆ, ಬೂತಾಯಿ ಇದೆ, ಜಿಡ್ಡಿನ ಮೀನಲ್ಲೇ ಡಿ ಅತಿ ಹೆಚ್ಚು, ಮುಳ್ಳು ತೆಗೆದು ಮಕ್ಕಳಿಗೆ ಧಾರಾಳವಾಗಿ ಕೊಡಿ. ಎಲ್ಲಾ ಕೂಡಿದ್ರೂ ಮೀನು ತಿನ್ನದ ಮನೇಲಿ ಊಟದಿಂದ ಮಾತ್ರ 600 ಮುಟ್ಟೋದು ಕಷ್ಟ, ಬರೀ ಸಸ್ಯಾಹಾರಿ ಮನೇಲಿ ಇನ್ನೂ ಕಷ್ಟ. ಮಗು ಬಿಸಿಲಿಗೂ ಹೋಗಲ್ಲ ಅಂತಾದ್ರೆ ಒಂದು ವರ್ಷ ಆದ್ಮೇಲೂ ಹನಿ ಅಥ್ವಾ ಸಿರಪ್ ಮುಂದುವರಿಸ್ಬೇಕಾ ಅಂತ ಡಾಕ್ಟ್ರನ್ನ ಕೇಳಿ. ಫಿಟ್ಸ್ ಮಾತ್ರೆ ತಗೊಳ್ಳೋ ಮಕ್ಕಳು, ಲಿವರ್ ಅಥ್ವಾ ಕಿಡ್ನಿ ತೊಂದ್ರೆ ಇರೋರು, ತೀರಾ ದಪ್ಪ ಇರೋರು, ಇವ್ರ ವಿಷಯದಲ್ಲಿ ಖಂಡಿತ ಕೇಳಿ.

ಏನು ಕಂಡ್ರೆ ತೋರಿಸ್ಬೇಕು

ಡಿ ಕೊರತೆ ಬಹಳ ದಿನ ಹೊರಗೆ ಕಾಣಲ್ಲ. ಕಾಣೋಕೆ ಶುರುವಾದಾಗ ಹೀಗಿರತ್ತೆ: ಮಣಿಕಟ್ಟು ದಪ್ಪ ಆಗತ್ತೆ, ಎದೆಯ ಎರಡೂ ಕಡೆ ಪಕ್ಕೆಲುಬಿನ ತುದೀಲಿ ಮಣಿ ಪೋಣಿಸಿದ ಹಾಗೆ ಗಂಟುಗಳು ಕೈಗೆ ಸಿಗತ್ತೆ, ಹಣೆ ಮುಂದಕ್ಕೆ ಉಬ್ಬಿರತ್ತೆ, ಒಂದೂವರೆ ವರ್ಷ ದಾಟಿದ್ರೂ ನೆತ್ತಿ ಕೂಡಿರಲ್ಲ, ಹಲ್ಲು ತಡ, ನಡಿಗೆ ತಡ, ಪದೇಪದೇ ಕಫ ನ್ಯುಮೋನಿಯಾ. ಇದಕ್ಕೇ ರಿಕೆಟ್ಸ್ ಅನ್ನೋದು.

ಕಾಲು ಸೊಟ್ಟ ಅಂತ ಗಾಬರಿಯಾಗಿ ಬರೋರೇ ಜಾಸ್ತಿ, ಎಲ್ಲಾ ಸೊಟ್ಟ ಕಾಲೂ ರಿಕೆಟ್ಸ್ ಅಲ್ಲ. ಎರಡು ವರ್ಷದವರೆಗೂ ಮಕ್ಕಳ ಕಾಲು ಸ್ವಲ್ಪ ಹೊರಗೆ ಬಾಗಿರೋದು ಸಹಜ, ಮೂರು ನಾಲ್ಕು ವರ್ಷಕ್ಕೆ ಮೊಣಕಾಲು ಒಂದಕ್ಕೊಂದು ತಾಗೋ ಹಾಗಾಗೋದೂ ಸಹಜ, ಏಳರ ಹೊತ್ತಿಗೆ ನೆಟ್ಟಗಾಗತ್ತೆ. ಮಗುನ ಮಲಗ್ಸಿ ಎರಡೂ ಪಾದದ ಗಿಣ್ಣು ಜೋಡ್ಸಿ ನೋಡಿ, ಮೊಣಕಾಲುಗಳ ಮಧ್ಯೆ 6 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದಿ ಇದ್ರೆ, ಒಂದೇ ಕಾಲು ಬಾಗಿದ್ರೆ, ಎರಡು ವರ್ಷ ಆದ್ಮೇಲೆ ಜಾಸ್ತಿ ಆಗ್ತಾ ಹೋದ್ರೆ, ಜೊತೆಗೆ ನೋವು ಅಥ್ವಾ ಬಾತುಕೋಳಿ ಥರ ನಡಿಗೆ ಇದ್ರೆ ತೋರ್ಸಿ. ಎಣ್ಣೆ ಹಚ್ಚಿ ಕಾಲನ್ನ ಎಳೆದು ಒತ್ತಿ ನೆಟ್ಟಗೆ ಮಾಡೋಕೆ ಹೋಗ್ಬೇಡಿ, ಮೆತ್ತಗಿರೋ ಮೂಳೆ ಮುರಿಯತ್ತೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಥರ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರೋ ಕಡೆಯವ್ರು ಆ ವಿಷಯ ಡಾಕ್ಟ್ರಿಗೆ ತಪ್ಪದೇ ಹೇಳಿ, ಫ್ಲೋರೈಡಿಂದಲೂ ಕಾಲು ಹೀಗೇ ಸೊಟ್ಟ ಆಗತ್ತೆ, ಹಲ್ಲಲ್ಲಿ ಕಂದು ಕಲೆ ಇರತ್ತೆ, ಅದರ ದಾರಿ ಬೇರೆ.

ತಡ ಮಾಡ್ಲೇಬಾರ್ದು ಅನ್ನೋದು ಒಂದು ಲಕ್ಷಣ ಇದೆ. ಜ್ವರ ಇಲ್ದೆ ಕೂಸಿಗೆ ಫಿಟ್ಸ್ ಬಂದ್ರೆ, ಕೈಕಾಲು ಸೆಟೆದುಕೊಂಡ್ರೆ, ಉಸಿರಾಡುವಾಗ ಗೊರಗೊರ ಕೀರಲು ಶಬ್ದ ಬಂದ್ರೆ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬಹುದು. ಬಾಲಗ್ರಹ ಅಂತ ದಾರ ಕಟ್ಸೋಕೆ ಹೋಗಿ ಹೊತ್ತು ಕಳೀಬೇಡಿ, ಮಗುನ ಒಂದು ಮಗ್ಗುಲಿಗೆ ಮಲಗ್ಸಿ, ಬಾಯಿಗೆ ಏನೂ ಹಾಕ್ದೆ 108ಕ್ಕೆ ಫೋನ್ ಮಾಡಿ.

ಆರೋಗ್ಯವಾಗಿರೋ ಮಗುಗೆ ಸುಮ್ಮನೆ ಡಿ ಟೆಸ್ಟ್ ಮಾಡ್ಸೋ ಅಗತ್ಯ ಇಲ್ಲ, ಪ್ಯಾಕೇಜಲ್ಲಿ ಬರತ್ತೆ ಅಂತಾನೂ ಬೇಡ. ಮಾಡ್ಸಿದ್ರೆ ರಿಪೋರ್ಟಲ್ಲಿ 30ಕ್ಕಿಂತ ಕಮ್ಮಿ ಇದ್ದದ್ದಕ್ಕೆಲ್ಲಾ ಲ್ಯಾಬಿನವ್ರು ಗುರುತು ಹಾಕಿರ್ತಾರೆ. ಮಕ್ಕಳ ಡಾಕ್ಟ್ರುಗಳ ಸಂಘದ ಪ್ರಕಾರ ಒಂದು ಎಂಎಲ್‌ಗೆ 20 ನ್ಯಾನೋಗ್ರಾಂ ಮೇಲಿದ್ರೆ ಸಾಕು, 12ರಿಂದ 20 ಅಂದ್ರೆ ಸ್ವಲ್ಪ ಕಮ್ಮಿ, 12ಕ್ಕಿಂತ ಕೆಳಗಿದ್ರೆ ಕೊರತೆ. ರಿಕೆಟ್ಸ್ ಅನುಮಾನ ಇದ್ರೆ ಮಣಿಕಟ್ಟಿನ ಎಕ್ಸ್‌ರೇ, ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್ ಟೆಸ್ಟ್ ಬರೀತಾರೆ. ಖಚಿತ ಆದ್ರೆ ದಿನಾ ಡಿ, ಒಂದು ವರ್ಷದೊಳಗಿನ ಕೂಸಿಗೆ ಸಾಮಾನ್ಯವಾಗಿ 2000 ಯೂನಿಟ್, ಜೊತೆಗೆ ಕ್ಯಾಲ್ಸಿಯಂ, ಕನಿಷ್ಠ 12 ವಾರ. ಮಗು ಚುರುಕಾಯ್ತು ಅಂತ ಮಧ್ಯದಲ್ಲಿ ನಿಲ್ಲಿಸ್ಬೇಡಿ. ಸಣ್ಣ ವಯಸ್ಸಲ್ಲಿ ಶುರು ಮಾಡಿದ್ರೆ ಬಾಗಿದ ಕಾಲು ಬೆಳೀತಾ ಬೆಳೀತಾ ತುಂಬಾ ಮಟ್ಟಿಗೆ ತಾನೇ ಸರಿ ಹೋಗತ್ತೆ, ಆಪರೇಷನ್ ಬೇಕಾಗೋದು ಕೆಲವರಿಗೆ ಮಾತ್ರ. ಮೂರು ತಿಂಗಳು ಸರಿಯಾಗಿ ಕೊಟ್ರೂ ಎಕ್ಸ್‌ರೇ ಬದಲಾಗ್ಲಿಲ್ಲ ಅಂದ್ರೆ ಕಿಡ್ನಿಯಿಂದ ಅಥ್ವಾ ಹುಟ್ಟಿನಿಂದ ಬಂದ ಬೇರೆ ಥರದ ರಿಕೆಟ್ಸ್ ಇರಬಹುದು, ಡೋಸ್ ಏರಿಸ್ತಾ ಹೋಗದೇ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸ್ಬೇಕು.

ಹೊರದೇಶದಲ್ಲಿರೋ ನಮ್ಮವ್ರಿಗೆ

ಇಂಗ್ಲೆಂಡಲ್ಲಿ ಅಕ್ಟೋಬರಿಂದ ಮಾರ್ಚ್ ಶುರುವರೆಗೂ ಆಕಾಶದಲ್ಲಿ ಸೂರ್ಯ ಇದ್ರೂ ಡಿ ಮಾಡೋಷ್ಟು ಯುವಿಬಿ ಇರಲ್ಲ, ನಮ್ಮ ಚರ್ಮಕ್ಕಂತೂ ಬೇಸಿಗೇಲೂ ಸಾಲದೇ ಇರಬಹುದು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೂ ದಿನಾ 10 ಮೈಕ್ರೋಗ್ರಾಂ ಕೊಡಿ ಅನ್ನತ್ತೆ, ಅಂದ್ರೆ 400 ಯೂನಿಟ್, 1 ಮೈಕ್ರೋಗ್ರಾಂಗೆ 40 ಯೂನಿಟ್ ಲೆಕ್ಕ. ದುಬೈ, ದೋಹಾ ಕಡೆ ಬಿಸಿಲು ಬೇಕಾದಷ್ಟಿದ್ರೂ ಸೆಕೆಗೆ ಮಕ್ಕಳು ಎಸಿಯೊಳಗೇ ಬೆಳೀತಾರೆ, ಅಲ್ಲೂ ಹನಿ ಬಿಡ್ಬೇಡಿ. ಹೊರದೇಶದಲ್ಲಿ ಸಿಗೋ ಕೆಲವು ಬಾಟಲ್‌ಗಳಲ್ಲಿ ಒಂದೇ ಒಂದು ಹನಿಗೆ 400 ಯೂನಿಟ್ ಇರತ್ತೆ, ನಮ್ಮಲ್ಲಿ ಅಷ್ಟು ಇರೋದು 1 ಎಂಎಲ್‌ಗೆ. ಊರಿಂದ ಬಾಣಂತನಕ್ಕೆ ಬಂದ ಅಮ್ಮನೋ ಅತ್ತೆಯೋ ಅಭ್ಯಾಸದಂತೆ ಆ ಬಾಟಲಿಂದ ಫಿಲ್ಲರ್ ತುಂಬಾ ಹಾಕ್ಬಿಟ್ರೆ ಹತ್ತಾರು ಪಟ್ಟು ಡೋಸ್ ಹೋಗತ್ತೆ. ಇಂಥ ತಪ್ಪುಗಳ ಬಗ್ಗೆ ಔಷಧಿಗಳ ಮೇಲೆ ನಿಗಾ ಇಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2010ರಲ್ಲೇ ತಂದೆತಾಯಿಯರಿಗೆ ಎಚ್ಚರಿಕೆ ಕೊಟ್ಟಿತ್ತು. ಆ ಬಾಟಲ್ ಮೇಲೆ "ದಿನಕ್ಕೆ ಒಂದೇ ಹನಿ" ಅಂತ ಕನ್ನಡದಲ್ಲೇ ಒಂದು ಚೀಟಿ ಅಂಟ್ಸಿ ಇಡಿ, ಊರಿಂದ ತಂದ ಬಾಟಲನ್ನ ಅದರ ಪಕ್ಕದಲ್ಲಿ ಇಡ್ಬೇಡಿ.